ಸೂತಕದಲ್ಲಿ ಬಂದ ಮತದಾನ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತದ್ದು ಎರಡು ಸಾವಿರದ ಐದರಲ್ಲಿ ಇರಬೇಕು. ನಾನಾಗ ಧಾರವಾಡದಲ್ಲಿ ಎಂ.ಎ. ಮುಗಿಸಿ ಕಾರವಾರದ ಕಚೇರಿಯೊಂದಕ್ಕೆ ಸೇರಿದ್ದೆ. ಮತದಾನದ ದಿನದ ಬಗ್ಗೆ ಅಮ್ಮ ಒಂದು ಹೇಳುತ್ತಾಳೆ, ನನಗೆ ಇನ್ನೊಂದು ನೆನಪಿದೆ. ಯಾವುದು ಸರಿ ಎಂದು ಕೇಳಲು ಈಗ ಅತ್ತೆ ಇಲ್ಲ.

ಅವಳನ್ನು ಕೊಟ್ಟದ್ದು ಅಂಕೋಲೆ ಹತ್ತಿರದ ಬಾಳೆಗುಳಿಯಿಂದ ಒಳಗಿನ ಒಂದು ಕೇರಿಗೆ. ಹೋಳಿ ಕಳೆದರೆ ಸಾಕು, ಅಲ್ಲಿಯ ಬಾವಿಗಳೆಲ್ಲ ಉಪ್ಪಾಗುತ್ತವೆ. ಹೆಂಗಸರು ಹೆದ್ದಾರಿಯ ಆಚೆಯ ಬಾವಿಯಿಂದ ನೀರು ಹೊರುತ್ತಿದ್ದರು. ಆ ಸಲ ಸೀಟು ಹೆಂಗಸರಿಗೆ ಮೀಸಲಾದಾಗ, ಎಂದೂ ನಾಲ್ಕು ಜನರೆದುರು ಮಾತಾಡದ ಅತ್ತೆ ತಾನೇ ನಿಲ್ಲುತ್ತೇನೆ ಅಂದಳು. ಗೆದ್ದರೆ ಕೇರಿಗೆ ನಳ ತರುವುದು, ಅಷ್ಟೇ ಅವಳ ಮಾತು. ಚಿಹ್ನೆ ಸಿಕ್ಕಿದ್ದು ಹೊಲಿಗೆ ಯಂತ್ರ.

“ಇವಳಿಗೆ ಒಂದು ಗುಂಡಿ ಹಚ್ಚೂಕೆ ಬರೂದಿಲ್ಲ. ಮಿಷನ್ ತಕಂಡು ಎಂತ ಮಾಡ್ತಾಳೋ,” ಎಂದು ಮಾವ ನಗೆಯಾಡಿದ್ದ.

“ಮೊದಲು ನಿಮ್ಮ ಬಾಯಿ ಹೊಲೀತೆ,” ಅಂದಿದ್ದಳು.

ಕೇರಿಯ ಮನೆಗಳೆಲ್ಲ ಒಂದೇ ಕುಟುಂಬದವು. ಆ ಮತಗಳು ಹೇಗೂ ತನ್ನವು ಎಂದುಕೊಂಡು ಅವಳು ಬೇರೆ ಕೇರಿಗಳಿಗೇ ಹೆಚ್ಚು ತಿರುಗಿದಳು. ಬಿಸಿಲಲ್ಲಿ ನಡೆದು ಮುಖ ಕಪ್ಪಾಗಿತ್ತು. ಸ್ವರ ಮಾತ್ರ ಸ್ವಲ್ಪ ದೊಡ್ಡದಾಗಿತ್ತು.

ಮತದಾನದ ಹಿಂದಿನ ದಿನ ಬೆಳಿಗ್ಗೆ ಆ ಕುಟುಂಬದ ಎಲ್ಲರಿಗಿಂತ ಹಿರಿಯ ಅಜ್ಜ ತೀರಿಕೊಂಡ. ಅಂದೇ ಸಂಸ್ಕಾರವೂ ಆಯಿತು. ಕೇರಿಗೆ ಕೇರಿಯೇ ಸೂತಕ. ನಾನೂ ಅಮ್ಮನೂ ಮರುದಿನ ಬೆಳಗಿನ ಬಸ್ಸಿಗೆ ಹೋದೆವು. ನಮಗೆ ಸೂತಕವಿರಲಿಲ್ಲ, ಆದರೆ ನಮ್ಮ ಮತವೂ ಆ ಊರಲ್ಲಿರಲಿಲ್ಲ.

ನಾವು ಹೋದಾಗ ಗಂಡಸರು ಜಗುಲಿಯಲ್ಲಿ ಕೂತಿದ್ದರು. ಹೆಂಗಸರು ಬಾಗಿಲ ಒಳಗೆ. ಮಾವನ ದೊಡ್ಡಣ್ಣ, ಮನೆತನದ ಯಜಮಾನ, ಮಾತಾಡುತ್ತಿದ್ದ.

“ವೋಟಿಗೆ ಶಾಲೆ ತನಕ ಹೋಗೂದು ದೊಡ್ಡದಲ್ಲ. ದೂರ ನಿಂತ್ಕಂಡು ಚೀಟಿ ತಕಂಡ್ರೂ ಆಗ್ತದೆ. ಆದ್ರೆ ಶಾಯಿ ಹಚ್ಚವ ಬೆರಳು ಹಿಡೀತಾನಲಾ? ನಮ್ಮ ಬೆರಳು ಹಿಡಿದ ಕೈಯಲ್ಲೇ ಊರವರದ್ದೆಲ್ಲ ಹಿಡೀತಾನೆ. ವ್ರತ ಹಿಡಿದವ್ರು ಇರ್ತ್ರು, ಪೂಜೆ ಮಾಡವ್ರು ಇರ್ತ್ರು. ನಮ್ಮ ಮೈಲಿಗೆ ಅವ್ರಿಗೆ ಎಂತಕ್ಕೆ?”

ಯಾರೂ ನಗಲಿಲ್ಲ. ಇಂದು ಇದನ್ನು ಕಾರವಾರದಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ. ಅಲ್ಲಿ ಕೂತಿದ್ದವರಿಗೆ ಅದು ಅಂಜಿಕೆಯಲ್ಲ, ಊರವರ ಮೇಲಿನ ಮರ್ಯಾದೆ. ನನಗೂ ಆ ಗಳಿಗೆಯಲ್ಲಿ ಹಾಗೇ ಅನಿಸಿತ್ತೇ, ಈಗ ಅವರ ಮೇಲಿನ ಪ್ರೀತಿಯಿಂದ ಹಾಗೆ ಬರೆಯುತ್ತಿದ್ದೇನೆಯೇ, ತಿಳಿಯದು.

“ಭಟ್ಟರ ಹತ್ರ ಒಂದು ಮಾತು ಕೇಳುವಾ,” ಅಂದ ಮಾವ.

ಭಟ್ಟರು ಬಿಣಗಾದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅವರ ಮನೆಗೆ ಫೋನ್ ಮಾಡಿದರೆ, ಊಟ ಮುಗಿಸಿಕೊಂಡು ಬರುತ್ತಾರೆ ಅಂದರು. ಸರಿ, ಕಾಯೋಣ ಎಂದಾಯಿತು. ಒಗ್ಗರಣೆಯಿಲ್ಲದ ಸಾರಿನಲ್ಲಿ ಎಲ್ಲರೂ ಉಂಡರು. ಶಾಲೆಯ ಕಡೆಗೆ ಹೋಗುವ ಆಟೋಗಳು ಹೋದವು, ಬಂದವು. ಬೇಲಿಯಾಚೆ ಹೋಗುತ್ತಿದ್ದ ಹೆಂಗಸೊಬ್ಬಳು, “ಏನ್ರೇ, ಯಾರೂ ಹೊರಟಿಲ್ವೇ? ನಿಮ್ಮದೇ ಮಿಷನ್ ಅಲ್ವೇ?” ಎಂದು ಕೂಗಿದಳು. ಆಮೇಲೆ ಸಾವಿನ ಮನೆಯೆಂಬುದು ನೆನಪಾಗಿ ತಲೆ ತಗ್ಗಿಸಿ ನಡೆದಳು.

ಅತ್ತೆ ಹೊಸಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಎರಡು ಸಲ ಎದ್ದಳು ಎಂದು ಅಮ್ಮ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅವಳು ಏಳುವುದೇ ಇಲ್ಲ.

ಭಟ್ಟರು ಬಂದದ್ದು ಮತದಾನ ಮುಗಿದ ಮೇಲೆ. ಬಸ್ಸಿಳಿದವರು ನೇರ ಇಲ್ಲಿಗೇ ಬಂದು ಅಂಗಳದಲ್ಲೇ ನಿಂತರು. ದೊಡ್ಡಣ್ಣ ವಿಷಯ ಹೇಳಿದ.

“ಅಯ್ಯೋ ಮಾರಾಯ, ವೋಟು ಹಾಕೂಕೆ ಎಂತ ಸೂತಕ?” ಅಂದರು ಭಟ್ಟರು. “ನಾ ಈಗ ಬಸ್ಸಲ್ಲಿ ಯಾರ್ಯಾರ ಮೈಗೆ ತಾಗ್ಕಂಡು ಬಂದೆ, ದೇವ್ರಿಗೇ ಗೊತ್ತು. ಮನೆಗೆ ಹೋಗಿ ಮಿಂದ್ರೆ ಆಯ್ತು. ಇದನ್ನ ಕೇಳೂದೇ ಬೇಕಾಗಿರ್ಲಿಲ್ಲ.”

ದೊಡ್ಡಣ್ಣ ಹೆಗಲ ಮೇಲಿನ ಪಂಜಿಯಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸುತ್ತಲೇ ಇದ್ದ. ಕೊನೆಗೆ ಬಾಗಿಲ ಕಡೆ ತಿರುಗಿ, “ತಂಗೀ, ನಾ ಒಳ್ಳೇದಕ್ಕೇ ಹೇಳಿದ್ದು,” ಅಂದ.

“ಗೊತ್ತದೆ ಬಾವ,” ಎಂದು ಅತ್ತೆ ಒಳಗಿನಿಂದಲೇ ಹೇಳಿದಳು.

ಅವಳ ಓರಗಿತ್ತಿಯರು ಆಮೇಲೆ ಅಮ್ಮನ ಹತ್ತಿರ, “ಅವಳೇ ಎದ್ದು ಹೊರಟಿದ್ರೆ ನಾವೂ ಹೊರಡ್ತಿದ್ವು,” ಅಂದರಂತೆ. ಅತ್ತೆ ಅಂದದ್ದು, “ಒಬ್ರಾದ್ರೂ ಹೋಗಿಬತ್ತೆ ಅಂತ್ರು ಅಂದ್ಕಂಡಿದ್ದೆ.” ಎರಡನ್ನೂ ನಾನು ಅಮ್ಮನ ಬಾಯಿಂದಲೇ ಕೇಳಿದ್ದು. ಒಂದಕ್ಕೊಂದು ಇಷ್ಟು ಸರಿಯಾಗಿ ಹೊಂದುವುದೇ ನನಗೆ ಅನುಮಾನ ಹುಟ್ಟಿಸುತ್ತದೆ. ಆದರೂ ಆ ದಿನ ಆ ಮನೆಯಲ್ಲಿ ಎಲ್ಲರೂ ಇನ್ನೊಬ್ಬರು ಏಳಲೆಂದು ಕಾದಿದ್ದರು ಎಂದೇ ನಂಬುತ್ತೇನೆ.

ಎಣಿಕೆ ಅಂಕೋಲೆಯಲ್ಲಿ ನಡೆಯಿತು. ಸೂತಕ ಇನ್ನೂ ಕಳೆದಿರಲಿಲ್ಲ, ಅತ್ತೆ ಹೋಗಲಿಲ್ಲ. ಸೋತ ಸುದ್ದಿ ಫೋನಿನಲ್ಲಿ ಬಂತು. ಗೆದ್ದವಳು ಶಾಲೆಯ ಬದಿಯ ಕೇರಿಯವಳು, ಕೆಟ್ಟವಳೇನಲ್ಲ. ನಳ ಮೊದಲು ಅವರ ಕೇರಿಗೆ ಬಂತು. ಇಲ್ಲಿಗೆ ಬರುವ ಹೊತ್ತಿಗೆ ಅತ್ತೆಯ ಸೊಂಟ ಹೋಗಿತ್ತು.

ಆದರೆ ಅವಳ ಚಿಹ್ನೆಗೂ ಒಂದಷ್ಟು ಮತ ಬಿದ್ದಿದ್ದವು. ಕೇರಿಯವರು ಯಾರೂ ಹಾಕಿರಲಿಲ್ಲ, ಅವಳೂ ಹಾಕಿರಲಿಲ್ಲ. ಹಾಗಾದರೆ ಅವು ಯಾರವು? ಅವಳಿಗೆ ಅದೊಂದೇ ಯೋಚನೆ ಹತ್ತಿತು. ತಿಳಿಯುವ ದಾರಿಯಿಲ್ಲ ಎಂದು ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಂಕೋಲೆಯ ಮೀನು ಪೇಟೆಗೆ ಅವಳ ಜೊತೆ ಹೋದಾಗ, ಬಾಳೆಗುಳಿಯಲ್ಲಿ ಬಸ್ಸಿಗೆ ನಿಂತಾಗ, ಪರಿಚಯವಿಲ್ಲದ ಹೆಂಗಸು ಯಾರಾದರೂ ಸುಮ್ಮನೆ ನಕ್ಕರೂ ಅತ್ತೆ ನನ್ನ ಕೈ ಹಿಂಡುತ್ತಿದ್ದಳು.

“ಇವಳೇ ಇರೂಕೂ ಸಾಕು, ಅಲಾ?” ಎಂದು ಮೆಲ್ಲಗೆ ಕೇಳುತ್ತಿದ್ದಳು. ಆ ಹೆಂಗಸು ಜನರ ನಡುವೆ ಮರೆಯಾಗುವ ತನಕ ಅವಳನ್ನೇ ನೋಡುತ್ತಿದ್ದಳು.