ಮಾದಪ್ಪನ ಪಾಲಿನ ಸರ್ವೆ ಬೇಲಿ

ಕಾಮಗೆರೆಯ ಗುರುಸಿದ್ದಯ್ಯ ಬಸ್ ಕಂಡಕ್ಟರಾಗಿ ಇಡೀ ಸರ್ವೀಸನ್ನು ಒಂದೇ ಸುಳ್ಳಿನ ಮೇಲೆ ಮುಗಿಸಿದವನು. ಕೊಳ್ಳೇಗಾಲದಲ್ಲೇ ಬಸ್ಸು ಉಸಿರಾಡಲು ಜಾಗವಿಲ್ಲದಷ್ಟು ತುಂಬಿದ್ದರೂ, "ಒಳಿಕ್ ನಡೀರಿ, ಮುಂದ್ಗಡೆ ಜಾಗ ಅದೆ" ಎನ್ನುತ್ತಿದ್ದ. ಜನ ನಂಬುತ್ತಿರಲಿಲ್ಲ, ಆದರೂ ಅರ್ಧ ಹೆಜ್ಜೆ ಸರಿಯುತ್ತಿದ್ದರು. ಬಾಗಿಲಲ್ಲಿ ನೇತಾಡುತ್ತಿದ್ದವರು ಹೇಗೋ ಒಳಗಾಗುತ್ತಿದ್ದರು. ಯಾರಿಗೂ ಕೇಡಾಗದ ಸುಳ್ಳು ಸುಳ್ಳೇ ಅಲ್ಲ ಎಂಬುದು ಅವನ ಸಿದ್ಧಾಂತ.

ರಿಟೈರಾದ ವರ್ಷ ರಸ್ತೆ ಬದಿಯ ಜಮೀನಿಗೆ ಬೇಲಿಯಾಗಲೆಂದು ಸರ್ವೆ ಸಸಿಗಳನ್ನು ಒತ್ತೊತ್ತಾಗಿ ನೆಟ್ಟ. ಊರಿನ ಮೇಕೆಗಳಿಗೆ ಹಬ್ಬವಾಯಿತು. ಬೈದ, ಕಲ್ಲು ಬೀರಿದ, ಕೇಳುವವರಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸಸಿಗಳಿಗೆಲ್ಲ ಅರಿಸಿನದ ಬಟ್ಟೆ ಕಟ್ಟಿ, ಇವು ಮಾದಪ್ಪನಿಗೆ ಹರಕೆ ಬಿಟ್ಟ ಗಿಡಗಳು ಎಂದು ಟೀ ಅಂಗಡಿಯಲ್ಲಿ ಹೇಳಿಬಂದ. ಅಂದಿನಿಂದ ಮೇಕೆಯವರು ರಸ್ತೆಯ ಆಚೆ ಬದಿಯಲ್ಲೇ ಮಂದೆ ಹೊಡೆದುಕೊಂಡು ಹೋದರು. ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಪ್ರೀತಿ ಉಕ್ಕಿತು.

ಆದರೆ ಸರ್ವೆಯನ್ನು ತಲೆ ಸವರದೆ ಬಿಟ್ಟರೆ ಆಕಾಶ ನೋಡಿಕೊಂಡು ಹೋಗುತ್ತದೆ. ನಾಳೆ ಸವರಿದರಾಯಿತು ಎನ್ನುತ್ತಲೇ ವರ್ಷಗಳು ಕಳೆದು, ಬೇಲಿ ಕರೆಂಟ್ ಕಂಬಕ್ಕಿಂತ ಎತ್ತರವಾಯಿತು. ಅದರ ನೆರಳು ಬಿದ್ದದ್ದು ಹೆಂಡತಿ ಚಿಕ್ಕಬಸಮ್ಮನ ಹಿಪ್ಪುನೇರಳೆಯ ಮೇಲೆ. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದ ಹೆಂಗಸು. ಹುಳುಗಳಿಗೆ ಸೊಪ್ಪು ಹಾಕದೆ ತಾನು ತುತ್ತು ಎತ್ತಿದವಳಲ್ಲ. ಈಗ ಸೊಪ್ಪು ಹಳದಿಗೆ ತಿರುಗಿ, ಹಸಿದ ಹುಳುಗಳು ತಲೆ ಎತ್ತಿ ನೋಡುತ್ತಿದ್ದವು. ಈ ಮರ ಇದ್ದರೆ ಮುಂದಿನ ಬೆಳೆಗೆ ಮೊಟ್ಟೆ ತರುವುದಿಲ್ಲ, ಹುಳು ಸಾಕುವ ತಟ್ಟೆಗಳನ್ನು ಅಟ್ಟಕ್ಕೆ ಹಾಕುತ್ತೇನೆ ಎಂದಳು. ಜಗಳವಾಡಿದ್ದರೆ ಅವನು ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಹೇಳಿದಳು, ಅದಕ್ಕೇ ಅವನು ಮರ ಕಡಿಸಲು ಅಂದೇ ಹೇಳಿಕಳಿಸಿದ.

ಮರ ಕೊಯ್ಯುವ ಮಾದೇಶ್ ಮಿಷಿನ್ ಹೊತ್ತು ಬಂದ. ಹಳದಿ ಬಟ್ಟೆಯ ಚಿಂದಿ ಕಂಡವನೇ ಚಪ್ಪಲಿ ಬಿಟ್ಟು ಕೈಮುಗಿದ. ಬೇರೆ ದಾರಿ ಕಾಣದೆ ಗುರುಸಿದ್ದಯ್ಯ, ಹರಕೆ ಗಿರಕೆ ಏನೂ ಇಲ್ಲ, ಮೇಕೆ ಕಾಟಕ್ಕೆ ಹೇಳಿದ ಸುಳ್ಳು ಎಂದು ಬಾಯಿಬಿಟ್ಟ. ಬದುಕಿನಲ್ಲಿ ಒಮ್ಮೆ ನಿಜ ಹೇಳಿದರೆ ನಂಬುವವರು ಬೇಡವೆ?

"ಮರ ಕುಯ್ಸಕೆ ಈಗ ಹೇಳ್ತಾ ಇರೋದೇ ಸುಳ್ಳು ಕಣ್ರಿ," ಎಂದು ಮಾದೇಶ್ ಮಿಷಿನ್ ಹೊತ್ತುಕೊಂಡು ಹೊರಟೇಬಿಟ್ಟ.

ಮಾಡಿದ್ದುಣ್ಣೋ ಮಹರಾಯ ಎಂದು ಜಗಲಿಯ ಮೇಲೆ ಕೂತ ಗಂಡನನ್ನು ನೋಡಿ ಚಿಕ್ಕಬಸಮ್ಮನಿಗೆ ನಗು ಬಂತು. ಶಿವರಾತ್ರಿ ಹತ್ತಿರವಿತ್ತು, ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರು ಆಗಲೇ ರಸ್ತೆ ಹಿಡಿದಿದ್ದರು.

"ಮಾದಪ್ಪನ್ದು ಅಂದ್ಯಲ್ಲ, ಮಾದಪ್ಪನ ಪರ್ಸೆ ಜನುಕ್ಕೇ ಕೊಟ್ಬುಡು. ಒಂದ್ ಕಡ್ಡೀನೂವೆ ನಮ್ಮನೆ ಒಲೆಗೆ ಬ್ಯಾಡ," ಎಂದಳು.

ಈ ಮಾತು ಕಿವಿಗೆ ಬಿದ್ದದ್ದೇ ಮಾದೇಶ್ ಕರೆಯದೆಯೇ ವಾಪಸ್ ಬಂದ. ಕಾಂಡಗಳು, ನಡೆದುಬಂದವರು ತಂಗಲೆಂದು ರಸ್ತೆ ಬದಿಯಲ್ಲಿ ಹಾಕಿದ ಚಪ್ಪರಕ್ಕೆ ಕಂಬವಾದವು, ಮೇಲೆ ತೆಂಗಿನ ಗರಿ ಬಂತು. ರೆಂಬೆಗಳು ಭಕ್ತರ ಅನ್ನ ಬೇಯಿಸಿದವು. ಸೂಜಿಯಂಥ ಎಲೆಯನ್ನು ಚಾಪೆಯ ಅಡಿಗೆ ಮೆತ್ತಗೆ ಹಾಸಿದರು. ಹಿಪ್ಪುನೇರಳೆಯ ಮೇಲೆ ಬಿಸಿಲು ಬಿತ್ತು. ಚಿಕ್ಕಬಸಮ್ಮ ತಟ್ಟೆಗಳನ್ನು ತೊಳೆದು ಒಣಗಲಿಟ್ಟಳು.

ಮಧ್ಯಾಹ್ನ ಕಾದ ಟಾರಿನ ಮೇಲೆ ಬರಿಗಾಲಲ್ಲಿ ಬಂದ ಒಂದು ಗುಂಪು ಚಪ್ಪರದ ಅಂಚಿನಲ್ಲಿ ಹಿಂಜರಿದು ನಿಂತಿತು. ಒಳಗೆ ಜನ ಕಂಡು, ಮುಂದಿನ ಊರಲ್ಲಿ ನೋಡೋಣ ಎಂದು ಮಾತಾಡಿಕೊಂಡರು. ಗುರುಸಿದ್ದಯ್ಯನ ಬಾಯಿಗೆ ಹಳೆಯ ಮಾತು ತಾನಾಗಿ ಬಂತು.

"ಒಳಿಕ್ ನಡೀರಿ, ಮುಂದ್ಗಡೆ ಜಾಗ ಅದೆ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡು ಹಿಂತಿರುಗಿ ನೋಡಿದ. ಜಾಗ ಇತ್ತು.