ಸರಿಯಿದ್ದ ಕಿವಿಗೆ ಚಿಕಿತ್ಸೆ

ಅಜ್ಜಿಗೆ ಕೆಟ್ಟಿದ್ದು ಬಲಗಿವಿ. ಚಿಕಿತ್ಸೆ ನಡೆದದ್ದು ಎಡಗಿವಿಗೆ. ಯಾರೋ ಕಣ್ತಪ್ಪಿ ಮಾಡಿದ್ದಲ್ಲ, ಬೇಕೆಂದೇ ಮಾಡಿದ್ದು. ಅದು ಗೊತ್ತಿದ್ದ ಇಬ್ಬರಲ್ಲಿ ನಾನೊಬ್ಬಳು.

ಆಗ ನಾನು ಕಾಶಿಯ ಭೇಲೂಪುರದ ಒಂದು ಕ್ಲಿನಿಕ್ಕಿನಲ್ಲಿ, ತಲೆಸುತ್ತಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರೊಬ್ಬರಿಗೆ ದುಭಾಷಿಯಾಗಿದ್ದೆ. ನಾನು ಕಾಶಿಯಲ್ಲೇ ಹುಟ್ಟಿದವಳು. ಅಪ್ಪ ಕನ್ನಡದವರ ಮಠವೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಹಿಂದಿ. ಬಂಗಾಲಿ ಟೋಲಾ ಎಂಬ ಕೇರಿಯ ಛತ್ರಗಳಲ್ಲಿ ಕೊನೆಗಾಲ ಕಳೆಯಲು ಬಂದ ನಮ್ಮ ಕಡೆಯ ಹೆಂಗಸರಲ್ಲಿ ತಲೆಸುತ್ತಿನವರು ಬಹಳ ಎಂದು ಡಾಕ್ಟರಿಗೆ ಯಾರೋ ಹೇಳಿದ್ದರು. ಅವರಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಕೂತಲ್ಲಿ ಕೂರಲಾಗದ, ಬಾಯಿ ಮುಚ್ಚಿಕೊಂಡಿರಲಾಗದ ನನಗೆ ಆ ಕೆಲಸ ಹೇಳಿಮಾಡಿಸಿದಂತಿತ್ತು.

ಒಳಗಿವಿಯಲ್ಲಿ ಮರಳಿನಷ್ಟು ಸಣ್ಣ ಹರಳುಗಳಿರುತ್ತವೆ. ವಯಸ್ಸಾದಂತೆ ಕೆಲವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರುತ್ತವೆ. ಆಮೇಲೆ ಮಗ್ಗುಲು ಬದಲಿಸಿದರೂ, ಕತ್ತೆತ್ತಿ ನೋಡಿದರೂ ಎಲ್ಲವೂ ಗಿರ್ರನೆ ತಿರುಗುತ್ತದೆ. ಮಂಚದ ಮೇಲೆ ಮಲಗಿಸಿ, ಕೆಟ್ಟ ಕಿವಿಯ ಕಡೆಯಿಂದ ಶುರುಮಾಡಿ ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿದರೆ ಹರಳು ವಾಪಸು ಹೋಗುತ್ತದೆ. ತೀರಾ ವಯಸ್ಸಾದವರಲ್ಲಿ ಇದು ಎಷ್ಟು ಕೆಲಸ ಮಾಡುತ್ತದೆ, ತಾವಾಗಿಯೇ ಗುಣವಾಗುವವರು ಎಷ್ಟು ಜನ ಎಂದು ಡಾಕ್ಟರಿಗೆ ತಿಳಿಯಬೇಕಿತ್ತು. ಅದಕ್ಕೆ ಚೀಟಿ ಎತ್ತಿ ಅರ್ಧ ಜನರಿಗೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಸರಿಯಿದ್ದ ಕಿವಿಯ ಕಡೆಯಿಂದ ಅದೇ ಹೊರಳಾಟ. ತಿಂಗಳ ನಂತರ ಪರೀಕ್ಷೆ ಮಾಡಿ, ಗುಣವಾಗದವರಿಗೆ ನಿಜವಾದದ್ದು. ಯಾರಿಗೆ ಯಾವುದು ಸಿಕ್ಕಿತು ಎಂದು ಡಾಕ್ಟರಿಗೂ ಗೊತ್ತಿರಬಾರದು. ಚಿಕಿತ್ಸೆ ಮಾಡುವ ಥೆರಪಿಸ್ಟ್ ಒಬ್ಬಳಿಗೇ ಗೊತ್ತು.

ದುಭಾಷಿಗೂ ಗೊತ್ತಾಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. 'ಮೊದಲು ಎಡಕ್ಕೆ ತಿರುಗಲು ಹೇಳಿ' ಎಂದು ಥೆರಪಿಸ್ಟ್ ಹಿಂದಿಯಲ್ಲಿ ಅಂದರೆ ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಅಜ್ಜಿಯ ಹಾಳೆಯಲ್ಲಿ ಕೆಟ್ಟದ್ದು ಬಲಗಿವಿ ಎಂದು ತುಂಬಿಸಿದವಳೂ ನಾನೇ.

ಈ ಅಜ್ಜಿ ತುಮಕೂರಿನ ಕಡೆಯವರು. ಹನ್ನೊಂದು ವರ್ಷದಿಂದ ಕಾಶಿಯಲ್ಲಿದ್ದರೂ ತರಕಾರಿ ಕೊಳ್ಳುವಷ್ಟು ಹಿಂದಿ ಬಿಟ್ಟರೆ ಬೇರೆ ಕಲಿತಿರಲಿಲ್ಲ. ಕೋಣೆ ತಿರುಗುತ್ತದೋ ನೀವೇ ತಿರುಗುತ್ತೀರೋ ಎಂದು ಹಾಳೆ ನೋಡಿ ಕೇಳಿದ್ದಕ್ಕೆ, "ನಾನ್ಯಾಕೆ ತಿರುಗ್ಲಿ? ಕಾಶೀನೇ ತಿರುಗ್ತದೆ, ಹಂಗಂತ ಬರ್ಕೋ" ಎಂದಿದ್ದರು. ಅವರು ಊರು ಬಿಟ್ಟು ಬಂದದ್ದೇ ದಿನಾ ಕೇದಾರ ಘಾಟಿನಲ್ಲಿ ಮೀಯಲು. ತಲೆಸುತ್ತು ಶುರುವಾದ ಮೇಲೆ ಏಳು ತಿಂಗಳಿಂದ ಆ ಮೆಟ್ಟಿಲು ಇಳಿದಿರಲಿಲ್ಲ. ಈಗ ಕಾರ್ತೀಕ ಬರುವುದರಲ್ಲಿತ್ತು.

"ಸತ್ಮೇಲೆ ಸುಡಕ್ಕೆ ಹರಿಶ್ಚಂದ್ರ ಘಾಟಿಗೆ ಹೆಂಗೂ ನಾಕು ಜನ ಹೊತ್ಕೊಂಡು ಹೋಗ್ತಾರೆ. ಕೇದಾರಕ್ಕಾದ್ರೂ ನನ್ನ ಕಾಲಲ್ಲೇ ಹೋಗಿ ಬರ್ತೀನಿ ಕಣಮ್ಮ" ಎನ್ನುತ್ತಿದ್ದರು.

ಸರಿಯಿದ್ದ ಕಿವಿಗೆ ಚಿಕಿತ್ಸೆಯಾದ ಮೇಲೆ ವಾರಕ್ಕೆರಡು ಸಲ ಅವರನ್ನು ವಿಚಾರಿಸಲು ಹೋಗುವುದು ನನ್ನ ಕೆಲಸ. ಹೋದಾಗಲೆಲ್ಲ ಒಂದೇ ಪ್ರಶ್ನೆ: "ಔಷ್ದಿ ಹತ್ತಕ್ಕೆ ಇನ್ನೂ ಎಷ್ಟ್ ದಿನ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರ ಮೇಲೆ, ಚೀಟಿಯ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ. ಅವರ ಬಾಗಿಲಿನವರೆಗೆ ಹೋಗಿ ಹಿಂದಿರುಗುತ್ತಿದ್ದೆ, ಗಲ್ಲಿಯ ತುದಿಗೆ ಬಂದು ಮತ್ತೆ ಹೋಗುತ್ತಿದ್ದೆ. ಮನೆಯಲ್ಲಿ ಅನ್ನ ಬಡಿಸಿಕೊಂಡು ತಿನ್ನದೆ ಎದ್ದಿದ್ದಕ್ಕೆ ಮಗಳು ಹಿಂದಿಯಲ್ಲಿ ರೇಗಿದಳು.

ಎರಡನೇ ವಾರ ಹೋದಾಗ ಅಜ್ಜಿಯ ಮೊಣಕೈಗೆ ಬಟ್ಟೆ ಸುತ್ತಿತ್ತು. ಔಷಧಿ ಹತ್ತಿರಬಹುದು ಎಂದು ನಂಬಿ ಬೆಳಿಗ್ಗೆ ಘಾಟಿಗೆ ಹೋಗಿ, ಮೂರನೇ ಮೆಟ್ಟಿಲಲ್ಲೇ ಬಿದ್ದಿದ್ದರು. ಪ್ರವಾಹ ಇಳಿದು ಮೆಟ್ಟಿಲ ತುಂಬ ಕೆಸರಿತ್ತು. ದೋಣಿಯವನೊಬ್ಬ ಹಿಡಿದುಕೊಳ್ಳದಿದ್ದರೆ ತಲೆ ಒಡೆಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ನಿಮಗೆ ಮಾಡಿದ್ದು ನಿಜವಾದದ್ದಲ್ಲ" ಎಂದುಬಿಟ್ಟೆ. ಚೀಟಿಯ ವಿಷಯವನ್ನು ಮೊದಲ ದಿನವೇ ಓದಿ ಹೇಳಿದ್ದೆ. ಅವರು ಎಲ್ಲದಕ್ಕೂ ಹೂಂ ಎಂದು ಹೆಬ್ಬೆಟ್ಟು ಒತ್ತಿದ್ದರು. ಈಗ ಮೊಣಕೈಯ ಬಟ್ಟೆ ಬಿಗಿದುಕೊಳ್ಳುತ್ತ, "ನಿಂಗೆ ಮಾಡಕ್ಕೆ ಬರ್ತದಾ?" ಎಂದು ಕೇಳಿದರು. ಬರುತ್ತಿತ್ತು. ನಲವತ್ತು ಸಲ ನೋಡಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಛತ್ರ ಖಾಲಿಯಿತ್ತು. ಬಾಗಿಲು ಹಾಕಿ, ಅವರ ತಲೆಯನ್ನು ಬಲಕ್ಕೆ ತಿರುಗಿಸಿ ಹಿಂದಕ್ಕೆ ಮಲಗಿಸಿದೆ. ಕಣ್ಣುಗುಡ್ಡೆಗಳು ಪಟಪಟನೆ ಅದುರಿದವು. ಅಜ್ಜಿ ನನ್ನ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದುಕೊಂಡು, ಮುಂಡೆ, ರಂಡೆ ಎಂದು ಬಾಯಿಗೆ ಬಂದಂತೆ ಬೈದರು. ಎಡಕ್ಕೆ ಹೊರಳಿಸಿ, ಮಗ್ಗುಲಾಗಿಸಿ, ಎಬ್ಬಿಸಿ ಕೂರಿಸಿದೆ. ಬೆಳಿಗ್ಗೆ ಕುಡಿದ ಕಾಫಿಯೆಲ್ಲ ನನ್ನ ಸೀರೆಯ ಮೇಲೆ ಬಂತು. ಕತ್ತು ಉಳುಕಿದ್ದರೆ ಏನು ಗತಿ ಎಂದು ಆಗ ಹೊಳೆಯಿತು.

ಮೂರನೇ ದಿನ ಅವರು ಗೋಡೆ ಹಿಡಿದುಕೊಂಡು ಕೇದಾರ ಘಾಟ್ ಇಳಿದರು. ನಾನು ಒಂದು ಮೆಟ್ಟಿಲು ಕೆಳಗೆ ಹಿಮ್ಮುಖವಾಗಿ ಇಳಿಯುತ್ತಿದ್ದೆ. "ಎದುರಿಗೆ ನಿಂತು ನೆಳ್ಳು ಮಾಡ್ಬೇಡ, ಆಚೆ ಹೋಗು" ಎಂದು ಗದರಿದರು. ಮೂರು ಸಲ ಮುಳುಗಿ ಎದ್ದರು. ನನಗೆ ಅಳು ಬಂತು.

ಆಮೇಲೆ ಬಂದದ್ದು ಹೆದರಿಕೆ. ತಿಂಗಳ ಪರೀಕ್ಷೆಗೆ ಡಾಕ್ಟರ ಮುಂದೆ ಹೋಗಲೇಬೇಕು. ನಾನು ಮಾಡಿದ್ದು ಗೊತ್ತಾದರೆ ಕೆಲಸ ಹೋಗುತ್ತದೆ, ನಾನು ಬರೆದುಕೊಟ್ಟ ಯಾರ ಹಾಳೆಯನ್ನೂ ಅವರು ನಂಬುವುದಿಲ್ಲ. "ಅಜ್ಜಿ, ಗುಣವಾಯಿತು ಅಂತಷ್ಟೇ ಹೇಳಿ. ನನ್ನ ವಿಷಯ ಎತ್ತಬೇಡಿ" ಎಂದು ಬೇಡಿಕೊಂಡೆ.

"ಸುಳ್ಳು ಹೇಳೋದಿದ್ರೆ ಊರಲ್ಲೇ ಇರ್ತಿದ್ದೆ" ಎಂದರು. "ಇಲ್ಲಿ ಹೇಳಿದ್ ಸುಳ್ಳನ್ನ ಯಾವ ನೀರಲ್ಲಿ ತೊಳ್ಕೊಳ್ಳಲಿ?"

ನಾಲ್ಕು ದಿನ ಬೇಡಿದೆ. ಜಗ್ಗಲಿಲ್ಲ.

ಪರೀಕ್ಷೆಯ ದಿನ ಡಾಕ್ಟರು ಅವರನ್ನು ಮಲಗಿಸಿ ಕಣ್ಣು ನೋಡಿದರು. ಕಣ್ಣು ಅಲುಗಲಿಲ್ಲ. ಅಜ್ಜಿ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಡಾಕ್ಟರನ್ನೇ ನೋಡುತ್ತ ಸ್ಪಷ್ಟವಾಗಿ ಹೇಳಿದರು: "ಸ್ವಾಮಿ, ನೀವು ಮಾಡ್ಸಿದ್ದು ನಂಗೆ ಹತ್ಲಿಲ್ಲ. ಈ ಹುಡುಗಿ ನಮ್ಮ ರೂಮಿಗೆ ಬಂದು ಬಲಗಡೆಯಿಂದ ಹೊರಳಿಸಿದ್ಲು, ವಾಸಿ ಆಯ್ತು. ತಪ್ಪಾಗಿದ್ರೆ ನಂದೂ ಅದೆ. ಅವಳೊಬ್ಬಳನ್ನೇ ಬೈಬೇಡಿ."

ಡಾಕ್ಟರು ಪೆನ್ನು ಹಿಡಿದು, ಅಜ್ಜಿ ಹೇಳಿದ್ದೇನೆಂದು ತಿಳಿಯಲು ನನ್ನ ಕಡೆ ತಿರುಗಿದರು. "ಅಮ್ಮಾಜೀ ಕ್ಯಾ ಬೋಲ್ ರಹೀ ಹೈಂ?"

ನಾನು ಹಿಂದಿಯಲ್ಲಿ, ಅಜ್ಜಿಗೆ ಒಂದು ಪದವೂ ಸಿಕ್ಕದಷ್ಟು ವೇಗವಾಗಿ, ಇಲ್ಲಿ ಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಗುಣವಾಯಿತಂತೆ, ನಿಮಗೆ ಕೃತಜ್ಞತೆ ಹೇಳುತ್ತಿದ್ದಾರೆ ಎಂದೆ. ಡಾಕ್ಟರ ಮುಖ ಅರಳಿತು. ಹಾಳೆಯಲ್ಲಿ ಬರೆದುಕೊಂಡು, ಎದ್ದು ನಿಂತು ಅಜ್ಜಿಗೆ ಕೈಮುಗಿದರು.

ಇ-ರಿಕ್ಷಾದಲ್ಲಿ ಅಜ್ಜಿ ನನ್ನ ತೊಡೆ ತಟ್ಟಿದರು. "ನೋಡಿದ್ಯಾ? ಇದ್ದದ್ದು ಇದ್ದಂಗೆ ಹೇಳಿದ್ರೆ ಕೈ ಮುಗಿದ್ರು, ಪುಣ್ಯಾತ್ಮ. ನೀನು ಸುಮ್ಸುಮ್ನೆ ಹೆದ್ರಿದ್ದೆ."

ನಾನು ರಸ್ತೆ ನೋಡುತ್ತ ಕುಳಿತೆ. ಅವರ ಮುಖ ನೋಡಲು ನಾಚಿಕೆಯಾಗುತ್ತಿತ್ತು.

"ಇನ್ನೇನು, ಡಾಕ್ಟ್ರೇ ಒಪ್ಕೊಂಡ್ರಲ್ಲ" ಎಂದರು ಅಜ್ಜಿ. "ನಮ್ಮ ಛತ್ರದಲ್ಲಿ ಇನ್ನೂ ಮೂರು ಜನ ಚೀಟಿಯೋರು ತಲೆ ಹಿಡ್ಕೊಂಡು ಕೂತವ್ರೆ. ನಾಳೆ ಮಧ್ಯಾಹ್ನ ಬಂದ್ಬಿಡು. ಯಾರಿಗೂ ಊಟ ಮಾಡ್ಬೇಡಿ ಅಂತ ಹೇಳಿರ್ತೀನಿ."