ಹರಿಣಾಕ್ಷಿ ಕೇಳಿದ ಮರದ ಮನೆ

ನನ್ನ ಹೆಂಡತಿ ಹರಿಣಾಕ್ಷಿ ಇಪ್ಪತ್ತೆರಡು ವರ್ಷದಲ್ಲಿ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದನ್ನೂ ಕೆಡಿಸಿ ಹಾಕಿದೆ. ಈ ಸದಾನಂದನ ಬುದ್ಧಿವಂತಿಕೆಗೆ ಏನೆನ್ನಬೇಕೋ ನೀವೇ ಹೇಳಿ.

ಅವಳು ಕುವೈತಿನ ರುಮೈಥಿಯಾದಲ್ಲಿ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನಿಸ್ಟ್. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ನಾವಿರುವ ಬ್ನೇದ್ ಅಲ್ ಗಾರ್‌ನಲ್ಲಿ ಬಸ್ಸು ಹಿಡಿದು, ದಿನವಿಡೀ ಹಲ್ಲುನೋವಿನವರ ಸಿಡುಕು ಸಹಿಸಿ, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವಳು. ಜುಲೈ ಬಂತೆಂದರೆ ರಜೆ, ರಜೆ ಎಂದರೆ ಊರು. ಅಲ್ಲಿ ನನ್ನ ಅಕ್ಕಂದಿರು, ಅವರ ಮಕ್ಕಳು, ಆ ಮಕ್ಕಳ ಮದುವೆ ಮಾತುಕತೆ, ದಿನಕ್ಕೆ ಹದಿನೈದು ಜನರ ಊಟ. ಅಲ್ಲಿಯೂ ಅಡುಗೆ ಇವಳದ್ದೇ.

ಹೋದ ವರ್ಷ ಕ್ಲಿನಿಕ್ಕಿನ ಡಾಕ್ಟರಮ್ಮ ಒಂದು ಕ್ಯಾಲೆಂಡರ್ ಕೊಟ್ಟರು. ಅದರ ಡಿಸೆಂಬರ್ ಪುಟದಲ್ಲಿ ಹಿಮದ ನಡುವೆ ಒಂದು ಮರದ ಮನೆ, ಮೇಲೆ ಆಕಾಶದ ತುಂಬ ಹಸಿರು ಬೆಳಕು. ಡಿಸೆಂಬರ್ ಎಂಬುದನ್ನು ನಾನು ಗಮನಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹರಿಣಾಕ್ಷಿ ಆ ಪುಟವನ್ನು ಹರಿದು ಫ್ರಿಡ್ಜಿಗೆ ಅಂಟಿಸಿದಳು.

"ಒಮ್ಮೆ ಈ ಬೆಳಕು ನೋಡ್ಬೇಕು ಮಾರಾಯ್ರೆ. ಇಂಥದ್ದೇ ಮನೆ. ನಾವು ಮೂರೇ ಜನ. ಯಾರೂ ಬಂದು ಬೆಲ್ ಮಾಡ್ಬಾರ್ದು," ಎಂದಳು.

"ಅದಕ್ಕೆಂತ, ಹೋಗುವ!" ಎಂದೆ. ಬಾಯಿ ನನ್ನದು ಯಾವಾಗಲೂ ಮುಂದೆ.

ಫಿನ್ಲೆಂಡಿನ ಉತ್ತರ ತುದಿಯಲ್ಲಿ, ಸರೋವರದ ದಡದಲ್ಲಿ, ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಮನೆಯೊಂದು ಏಳು ದಿನಕ್ಕೆ ಬಾಡಿಗೆಗೆ ಸಿಕ್ಕಿತು. ಜುಲೈಗೆ ಅರ್ಧ ಬೆಲೆ! ಇವರಿಗೆ ವ್ಯಾಪಾರವೇ ಗೊತ್ತಿಲ್ಲವಲ್ಲ ಎಂದು ನಕ್ಕು, ದುಡ್ಡು ವಾಪಸ್ ಇಲ್ಲ ಎಂಬ ಸಾಲಿಗೂ ಹೂಂ ಒತ್ತಿದೆ. ಮಗಳು ತೃಷಾಳ ಶಾಲೆಗೆ ರಜೆ ಇರುವುದು ಆಗಲೇ. ಅಹ್ಮದಿಯಲ್ಲಿ ನಾನು ಸ್ಟೋರ್ ಕೀಪರ್ ಆಗಿರುವ ಕಂಪನಿಯ ರಜಾ ಪಟ್ಟಿಯಲ್ಲೂ ಇಪ್ಪತ್ತು ವರ್ಷದಿಂದ ನನ್ನ ಹೆಸರು ಜುಲೈಯಲ್ಲೇ. ವರ್ಷಕ್ಕೆ ಬೇರೆ ಹನ್ನೊಂದು ತಿಂಗಳಿವೆ ಎಂಬುದು ಕುವೈತಿನ ಸಂಬಳದಾರನಿಗೆ ಹೊಳೆಯುವುದಿಲ್ಲ.

ಹರಿಣಾಕ್ಷಿ ಕ್ಲಿನಿಕ್ಕಿನಲ್ಲಿ, ಬಸ್ಸಿನಲ್ಲಿ, ತುಳುವರ ಕೂಟದಲ್ಲಿ, ಎಲ್ಲ ಕಡೆ ಹೇಳಿದಳು. ಕೆಳಗಿನ ಮನೆಯ ಲೊರೈನ್ ಅವರಿಂದ ದಪ್ಪ ಸ್ವೆಟರ್ ಇಸಕೊಂಡಳು. ಹೊರಡಲು ಮೂರು ದಿನವಿದ್ದಾಗ ತೃಷಾ ನನ್ನನ್ನು ಬಾಲ್ಕನಿಗೆ ಎಳೆದಳು.

"ಪಪ್ಪಾ, ಡೋಂಟ್ ಟೆಲ್ ಮಮ್ಮಿ. ಜುಲೈಯಲ್ಲಿ ಅಲ್ಲಿ ನೈಟೇ ಇಲ್ಲ. ಸನ್ ಮುಳುಗೋದೇ ಇಲ್ಲ. ಡಾರ್ಕ್ ಆಗದೆ ಆ ಲೈಟ್ಸ್ ಕಾಣೋದಿಲ್ಲ."

ಹೇಳಬೇಕೆಂದು ಅಡುಗೆಮನೆಗೆ ಹೋದರೆ ಅವಳು ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಮೀನು ಕಟ್ಟುತ್ತಾ ಏನೋ ಗುನುಗುತ್ತಿದ್ದಳು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿದು ಕೊಟ್ಟು ವಾಪಸ್ ಬಂದೆ.

ಮರದ ಮನೆ ಚಿತ್ರದಲ್ಲಿದ್ದಂತೆಯೇ ಇತ್ತು, ಹಿಮವೊಂದು ಇರಲಿಲ್ಲ. ಹರಿಣಾಕ್ಷಿ ಗೋಡೆಯ ದಿಮ್ಮಿಗಳನ್ನು ಸವರಿ ನೋಡಿದಳು. ಗಂಜಿ ಊಟ ಮುಗಿದು ತೃಷಾ ಮಲಗಿದ ಮೇಲೆ, ಸ್ವೆಟರ್ ಹಾಕಿ, ಕಿಟಕಿಯ ಪಕ್ಕ ಕುರ್ಚಿ ಎಳೆದು ಕೂತಳು. ಹತ್ತಾಯಿತು. "ಇಲ್ಲಿ ಕತ್ತಲೆ ಆಗುದು ಭಾರೀ ತಡ ಅಲ್ವಾ?" ಎಂದಳು. ಹನ್ನೊಂದಾಯಿತು. ಸ್ವೆಟರಿನೊಳಗೆ ಬೆವರುತ್ತಿದ್ದಳು, ಆದರೂ ಏಳಲಿಲ್ಲ. ಇನ್ನು ತಡೆಯಲಾಗದೆ ನಾನು ಬಾಯಿಬಿಟ್ಟೆ.

"ಹರಿಣಾಕ್ಷಿ, ಇವತ್ತು ಕತ್ತಲೆ ಆಗುದಿಲ್ಲ. ನಾಳೆಯೂ ಇಲ್ಲ. ಆ ಬೆಳಕು ಚಳಿಗಾಲದಲ್ಲಿ ಮಾತ್ರ ಅಂತೆ. ನಾನು ನೋಡದೆ ಬುಕ್ ಮಾಡಿದೆ."

"ನಿಮಗೆ ಯಾವಾಗ ಗೊತ್ತಾಯ್ತು?"

"ಹೊರಡುವ ಮೂರು ದಿನ ಮೊದಲು."

"ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ? ನಾನು ಊರಿಡೀ ಡಂಗುರ ಹೊಡೆದು ಬಂದಿದ್ದೇನೆ!" ಕಣ್ಣಲ್ಲಿ ನೀರು ತುಂಬಿತು. ಸ್ವೆಟರ್ ಕಿತ್ತು ನನ್ನ ಮೇಲೆ ಎಸೆದು, ಬಾಗಿಲು ಧಡಾರನೆ ಹಾಕಿಕೊಂಡು ಹೊರಗೆ ಹೋದಳು.

ಹತ್ತು ನಿಮಿಷ ಕಾದು ಹಿಂದೆಯೇ ಹೋದೆ. ಮೆಟ್ಟಿಲ ಮೇಲೆ ಕಾಲು ಚಾಚಿ, ಸರೋವರದ ಆಚೆಯ ಸೂರ್ಯನಿಗೆ ಮುಖ ಕೊಟ್ಟು ಕೂತಿದ್ದಳು. ಮಧ್ಯರಾತ್ರಿಯ ಬಿಸಿಲು ಹಿತವಾಗಿತ್ತು.

"ಕೂತ್ಕೊಳ್ಳಿ," ಎಂದಳು. "ಜುಲೈ ತಿಂಗಳಲ್ಲಿ ನಾವು ಹೀಗೆ ಬಿಸಿಲಿಗೆ ಕೂತದ್ದು ಉಂಟಾ? ಕುವೈತಲ್ಲಾದ್ರೆ ಸುಟ್ಟು ಹೋಗ್ತೇವೆ. ಊರಲ್ಲಾದ್ರೆ ಮಳೆ."

"ಕೋಪ ಹೋಯ್ತಾ?"

"ಎಲ್ಲಿಗೆ ಹೋಗ್ತದೆ? ಮೊದಲು ಡಿಸೆಂಬರಿಗೆ ರಜೆ ಬರೆದು ಕೊಡಿ, ಆಮೇಲೆ ನೋಡುವ," ಎಂದು ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ನೋಡಿದರೆ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು, ಬಾಯಿ ತುಸು ತೆರೆದು, ಮಗುವಿನಂತೆ. ಇವಳು ನಿದ್ದೆ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ದಿನಾ ನಾನು ಮಲಗಿದ ಮೇಲೆ ಮಲಗಿ, ಏಳುವ ಮೊದಲೇ ಎದ್ದಿರುತ್ತಿದ್ದಳಲ್ಲ. ಇಪ್ಪತ್ತೆರಡು ವರ್ಷ! ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಷ್ಟರಲ್ಲಿ ಸೊಳ್ಳೆಗಳು ಮುತ್ತಿದವು. ಆ ದೇಶದ ಸೊಳ್ಳೆಯೋ, ಅಬ್ಬಬ್ಬಾ, ಬೆರಳು ಗಾತ್ರ! ಒಳಗಿನಿಂದ ಮೈ ಒರೆಸುವ ಬೈರಾಸು ತಂದು ಅವಳ ಮುಖದ ಮುಂದೆ ಮೆಲ್ಲಗೆ ಬೀಸತೊಡಗಿದೆ. ನನ್ನ ಕತ್ತು, ಕಿವಿ, ಕಾಲು ಎಲ್ಲ ಕಚ್ಚಿ ಹಾಕಿದವು. ಎರಡು ಗಂಟೆ ಹೊತ್ತು ಕಳೆದು ಅವಳು ತಾನಾಗಿ ಕಣ್ಣು ಬಿಡುವವರೆಗೂ ನಾನು ಕೈ ನಿಲ್ಲಿಸಲಿಲ್ಲ.